ಆರದ ಬೆಂಕಿಚೂರಿ

ಮೊಬೈಲಿನ ಕಾಳಗದ ಆಟದಲ್ಲಿ ಬೆಂಕಿಚೂರಿ ತಾಗಿದರೆ, ಆಟ ಮುಗಿದ ಮೇಲೂ ಮೈ ನಿಜವಾಗಿಯೇ ಸುಡುತ್ತದೆ. ಗೆದ್ದವರಿಗೆ ಫೋನು ಮಾಡಿ 'ಸೋತೆ' ಎಂದರೆ ಸಾಕು, ಗಾಯ ಮಾಯುತ್ತದೆ. ಅಷ್ಟನ್ನೂ ಹೇಳಲಾರದವರಿಂದಲೇ ಹುಬ್ಬಳ್ಳಿಯ ಆಸ್ಪತ್ರೆಯ ಸುಟ್ಟಗಾಯದ ವಾರ್ಡು ತುಂಬಿತ್ತು. ನರ್ಸ್ ಮಹಾನಂದಾಳಿಗೆ ಅವರನ್ನು ಕಂಡರೆ ಹೇಸಿಗೆ.

"ಫೋನ್ ಹಚ್ರಿ ಗೌಡ್ರ, ಸೋತೆ ಅನ್ರಿ, ಮನಿಗೆ ಹೋಗ್ರಿ," ಎಂದಳು, ರುದ್ರಗೌಡನ ಒಂಬತ್ತನೆಯ ದಿನದ ಪಟ್ಟಿ ಬಿಚ್ಚುತ್ತ.

"ಕಾಲೇಜ್ ಹುಡುಗಿಗೆ ಸೋತೆ ಅನ್ಲೇನು? ಸಾಯ್ತೀನಿ, ಅನ್ನಂಗಿಲ್ಲ!" ರುದ್ರಗೌಡ ಹಲ್ಲು ಕಚ್ಚಿದ.

"ಸಾಯ್ರಿ ಹಂಗಾರ. ಮೀಸಿಗೂ ಮುಲಾಮು ಹಚ್ಚಲೇನು?"

ಸುತ್ತಲಿನವರು ನರಳುತ್ತಲೇ ನಕ್ಕರು. ಅವಳು ಔಷಧದ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡು, ಉಳಿದ ಮುಲಾಮನ್ನು ತನ್ನ ಸುಡುವ ಹೆಗಲಿಗೆ ಬಳಿದುಕೊಂಡಳು. ನಾದಿನಿ ಆಟದಲ್ಲಿ ಚೂರಿ ಹಾಕಿ ಅಂದಿಗೆ ಹತ್ತೊಂಬತ್ತು ದಿನವಾಗಿತ್ತು.