ಅಂಕಲ್ ಬೆಳೆಸಿದ ಡೇರೆ ಹೂ

ನರ್ಸರಿಯಲ್ಲಿ ಡೇರೆ ಹೂ ಕಂಡರೆ ಇಂದಿಗೂ ನನ್ನ ತಲೆ ತಗ್ಗುತ್ತದೆ.

ಜಯನಗರದ ನಮ್ಮ ಪಕ್ಕದ ಮನೆಯ ಅಂಕಲ್ ಜಾಹೀರಾತು ಕಂಪನಿಯಿಂದ ನಿವೃತ್ತರಾದ ಮೇಲೆ ಇಡೀ ದಿನ ತೋಟದಲ್ಲೇ ಇರುತ್ತಿದ್ದರು. "ಸೋಪು ಮಾರೋಕೆ ಜೀವನಪೂರ್ತಿ ಸುಳ್ಳು ಬರ್ದೆ ಪುಟ್ಟಿ. ಗಿಡದ ಹತ್ರ ಅದು ನಡೆಯಲ್ಲ," ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವರ ಗಿಡದ ಮೊದಲ ಹೂವನ್ನು ಆಸೆಗೆ ಕಿತ್ತೆ. ತಂಪಾದ ಎಸಳುಗಳನ್ನು ಕೆನ್ನೆಗೆ ಒತ್ತಿಕೊಂಡೆ. ಆಮೇಲೆ ಹೆದರಿ ಮೋರಿಗೆ ಎಸೆದೆ.

ಅಂಕಲ್ ಕೇಳಿದಾಗ, "ಸಾಕಮ್ಮ ಕಿತ್ತಿದ್ದು," ಎಂದೆ. ಎರಡೂ ಮನೆಯ ಕೆಲಸ ಮಾಡುತ್ತಿದ್ದ ಸಾಕಮ್ಮ ಪೊರಕೆ ಹಿಡಿದು ಅಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು.

"ಹೂಂ ಸಾರ್, ದೇವ್ರಿಗೆ ಅಂತ ಕಿತ್ತೆ," ಎಂದಳು.

"ನಾಳೆಯಿಂದ ಬರ್ಬೇಡ," ಎಂದರು ಅಂಕಲ್.

ಮರುದಿನ ಅವಳು ನಮ್ಮ ಮನೆಗೆ ಮಾತ್ರ ಬಂದು, ಎಂದಿನಂತೆ ನನ್ನ ಜಡೆ ಹೆಣೆದಳು.