ಉಡಿ ತುಂಬ ಉಸುಕು

ಹಾವೇರಿ ಕಡೆಯ ಒಂದು ಹಳ್ಳಿ. ಕಲ್ಲವ್ವನ ಮನೆ ಇದ್ದದ್ದು ಹೊಲದಲ್ಲೇ... ಬಾಗಿಲು ತೆರೆದರೆ ಗೋವಿನಜೋಳ.

ಗಂಡ ತೀರಿಕೊಂಡ ಮೇಲೆ ಹೊಲದ ಕೆಲಸವೆಲ್ಲ ಅವಳದೇ.

ಆ ವರ್ಷ ಮಗಳು ಸುಮಂಗಲಾ ಬಸುರಿಯಾಗಿ ತವರಿಗೆ ಬಂದಿದ್ದಳು. ಮೊದಲ ಮಗು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಡಾಕ್ಟರ್ ಬಿಗಿಯಾಗಿ ಹೇಳಿದ್ದರು... ಕೀಟನಾಶಕದ ಗಾಳಿ ಕೂಡ ಸೋಕಬಾರದು.

ಅದೇ ಹೊತ್ತಿಗೆ ಬೆಳೆಗೆ ಹುಳ ಬಿತ್ತು. ಸುಳಿಯೊಳಗೆ ಕೂತು ಎಲೆಯನ್ನು ಜರಡಿ ಮಾಡುವ ಸೈನಿಕ ಹುಳ.

ಪಕ್ಕದ ಹೊಲದ ಫಕ್ಕೀರೇಶಣ್ಣ ಬಂದು ನೋಡಿದ. ನಾಡಿದ್ದು ನಾನು ಸ್ಪ್ರೇ ಮಾಡ್ತೀನಿ, ನೀನೂ ಮಾಡಿಸು, ಇಲ್ಲದಿದ್ದರೆ ತೆನೆ ಮರೆತುಬಿಡು ಅಂದ.

ಕಲ್ಲವ್ವ ಕೃಷಿ ಅಧಿಕಾರಿಯನ್ನು ಕೇಳಿದಳು. ಬೇರೆ ದಾರಿ ಇದೆ ಅಂದರು ಅವರು. ಎಲೆ ಮೇಲಿನ ಮೊಟ್ಟೆ ಕೈಯಿಂದ ಹೊಸಕಬೇಕು, ಪ್ರತಿ ಸುಳಿಗೂ ಸಣ್ಣ ಉಸುಕು, ಅಂದರೆ ಹಳ್ಳದ ಮರಳು, ಹಾಕಬೇಕು. ಉಸುಕು ಉಜ್ಜಿ ಹುಳ ಅಲ್ಲೇ ಸಾಯುತ್ತದೆ... ಆದರೆ ಗಿಡ ಗಿಡಕ್ಕೂ ಹೋಗಬೇಕಮ್ಮ, ತುಂಬಾ ಜನ ಬೇಕು.

ಹಳ್ಳದ ಉಸುಕು ತಂದು ಅಂಗಳದಲ್ಲಿ ಗುಡ್ಡೆ ಹಾಕಿ, ಕಲ್ಲವ್ವ ಒಬ್ಬಳೇ ಶುರು ಮಾಡಿದಳು.

ಸೊಂಟ ಹಿಡಿಯಿತು... ಸಂಜೆ ತಿರುಗಿ ನೋಡಿದರೆ ಮುಗಿದಿದ್ದು ಹೊಲದ ಒಂದು ಮೂಲೆ ಮಾತ್ರ.

ಔಷಧ ಹೊಡೆಸು ಅವ್ವಾ, ನಾನು ಗಂಡನ ಮನೆಗೆ ಹೋಗ್ತೀನಿ ಅಂದಳು ಮಗಳು.

"ಬೆಳಿ ಮತ್ತ ಬಿತ್ತಬಹುದು," ಅಂದಳು ಕಲ್ಲವ್ವ. "ನೀ ಎಲ್ಲೂ ಹೋಗಬ್ಯಾಡ."

ಮರುದಿನ ಸುಮಂಗಲಾಳ ಕುಬಸ, ಬಸುರಿಯ ಸೀಮಂತ. ಊರ ಹೆಣ್ಣುಮಕ್ಕಳೆಲ್ಲ ಬಂದರು. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಮಡಿಲಿಗೆ ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬಿದರು. ಹೋಳಿಗೆ ಊಟವಾಯಿತು.

ಕಲ್ಲವ್ವ ಬಡಿಸುತ್ತಿದ್ದಳು... ಕಣ್ಣು ಮಾತ್ರ ಹೊಲದ ಕಡೆ.

ಎಲ್ಲರಿಗಿಂತ ಹಿರಿಯಳಾದ ಶರಣವ್ವಜ್ಜಿ ಏನಾಯಿತೆಂದು ಕೇಳಿದಳು. ಸಂಗತಿ ತಿಳಿದದ್ದೇ ಕೈ ತೊಳೆದು, ಉಸುಕಿನ ಗುಡ್ಡೆ ಹತ್ತಿರ ಹೋಗಿ ಸೆರಗು ಒಡ್ಡಿದಳು.

"ಮಗಳ ಉಡಿ ತುಂಬಿದ್ವಿ. ಈಗ ನಮ್ಮ ಉಡಿ ತುಂಬ್ಕೊಳ್ಳೂಣು ಬರ್ರಿ."

ಒಬ್ಬೊಬ್ಬರಾಗಿ ಎದ್ದರು. ಹಬ್ಬಕ್ಕೆಂದು ತೆಗೆದಿಟ್ಟ ಇಳಕಲ್ ಸೀರೆಗಳು... ಎಲ್ಲರ ಉಡಿಯಲ್ಲೂ ಉಸುಕು.

ಸೋಬಾನೆ ಹಾಡುತ್ತಲೇ ಹೊಲಕ್ಕಿಳಿದರು. ಮೊಟ್ಟೆ ಹೊಸಕುತ್ತಾ, ಸುಳಿಗೆ ಉಸುಕು ಹಾಕುತ್ತಾ, ಸಾಲಿನಿಂದ ಸಾಲಿಗೆ...

ಅಷ್ಟರಲ್ಲಿ ಫಕ್ಕೀರೇಶಣ್ಣ ತನ್ನ ಹೊಲಕ್ಕೆ ಔಷಧ ಹೊಡೆಯಲು ಪಂಪು ಹೊತ್ತು ಬಂದ. ಮುಂದಿನ ಸಾಲಿನಲ್ಲಿ ಅವನ ಹೆಂಡತಿಯೇ ಇದ್ದಳು.

ಪಂಪು ಇಳಿಸಿಟ್ಟು, ಟ್ರ್ಯಾಕ್ಟರ್ ತೆಗೆದುಕೊಂಡು ಹಳ್ಳಕ್ಕೆ ಹೋಗಿ ಉಸುಕು ತುಂಬಿಕೊಂಡು ಬಂದ.

"ಇದು ಮುಗಿದ ಮ್ಯಾಲೆ ನಮ್ಮ ಹೊಲಕ್ಕೂ ಬರ್ತೀರೇನ್ರವ್ವಾ?"

ಕಲ್ಲವ್ವ ಬದುವಿನ ಮೇಲೆ ಕೂತಳು... ಗಂಡ ಹೋದ ಮೇಲೆ ಮೊದಲ ಸಲ ಸಂತೋಷಕ್ಕೆ ಅತ್ತಳು.

ಹುಳ ಒಂದೇ ದಿನಕ್ಕೆ ಹೋಗಲಿಲ್ಲ. ಅವರು ಮತ್ತೆ ಮತ್ತೆ ಬಂದರು. ಕೆಲವು ಗಿಡ ಹಾಳಾದವು, ನಿಜ... ಉಳಿದವು ಹೊಸ ಸುಳಿ ಬಿಟ್ಟು, ಕೈಗೆ ಭಾರವಾಗುವಂಥ ತೆನೆ ಕಟ್ಟಿದವು.

ತೆನೆ ಮುರಿಯುವ ಹೊತ್ತಿಗೆ ಸುಮಂಗಲಾಳಿಗೆ ಹೆಣ್ಣು ಮಗು. ಅದರ ಅಳು ಹೊಲದ ಆ ತುದಿವರೆಗೂ ಕೇಳಿ, ಕೆಲಸದಲ್ಲಿದ್ದ ಹೆಂಗಸರೆಲ್ಲ ಜೋರಾಗಿ ನಕ್ಕರು.

ಈಗ ಆ ಊರಲ್ಲಿ ಗೋವಿನಜೋಳ ಮೊಣಕಾಲೆತ್ತರ ಬಂದರೆ ಸಾಕು, ಹೆಣ್ಣುಮಕ್ಕಳು ಮುಯ್ಯಾಳಾಗಿ ಹೊರಡುತ್ತಾರೆ... ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ.

*ಒಬ್ಬರಿಂದ ಆಗದ್ದಕ್ಕೆಲ್ಲ ವಿಷವೇ ಬೇಕೆಂದಿಲ್ಲ... ಹತ್ತು ಕೈ ಸೇರಿದರೂ ಆಗುತ್ತದೆ.*

ನಿಮ್ಮ ಪಕ್ಕದಲ್ಲೇ ಒಬ್ಬಂಟಿಯಾಗಿ ಬಗ್ಗಿ ದುಡಿಯುತ್ತಿರುವವರು ಯಾರು... ಇವತ್ತು ಅವರನ್ನು ಒಂದು ಮಾತು ಕೇಳಿದಿರಾ?