ಆಕೆಯ ಪಾಲಿನ ಕೊಡ

ಜನ ಮೂರು ಸಾವಿರಕ್ಕಿಂತ ಕಡಿಮೆಯಾದರೆ ಊರಿನ ಬೋರ್ಡಿನ ಮೇಲೆ ‘ಪುರಸಭೆ’ ಎಂದು ಪೂರ್ತಿ ಬರೆಯುವಂತಿರಲಿಲ್ಲ, ‘ಪು.ಸ.’ ಎಂದು ಮೊಟಕು ಮಾಡಬೇಕಿತ್ತು. ತಲೆಗೊಂದು ಕೊಡದಂತೆ ಬರುವ ನಲ್ಲಿ ನೀರು ಆ ದಿನವೇ ನಿಲ್ಲುತ್ತಿತ್ತು. ಪೇಂಟರ್ ಗದಿಗೆಪ್ಪ ಹನ್ನೊಂದು ಊರುಗಳ ಬೋರ್ಡನ್ನು ಕೈಯಾರೆ ಮೊಟಕು ಮಾಡಿದ್ದ. ಅಲ್ಲೀಗ ನಾಯಿಯೂ ಉಳಿದಿರಲಿಲ್ಲ.

ಇವತ್ತು ಅವನದೇ ಊರು ಕಡ್ಲಿಗೇರಿಯ ಸರದಿ. ಎಣಿಕೆಯ ಮೇಡಂ ಪಟ್ಟಿ ಹಿಡಿದು ಅವನ ಬಾಗಿಲಿಗೆ ಬಂದರು.

“ನಿಂಬೆವ್ವ?”

“ನನ್ನ ಹೇಣ್ತಿರೀ. ಆರಾಮಿಲ್ಲ, ಒಳಗ ಮಲಗ್ಯಾಳ.”

“ಈಗಷ್ಟ ಗಂಜಿ ಕುಡಿಸಿ ಬಂದೀನ್ರಿ,” ಎಂದಳು ಪಕ್ಕದ ಮನೆಯ ಶಿವಕ್ಕ.

ಮೇಡಂ ಹೊಸ್ತಿಲಿಂದಲೇ ಇಣುಕಿದರು. ಕೌದಿಯ ಕೆಳಗೆ ಎರಡು ದಿಂಬುಗಳಿದ್ದವು. ಅವರು ಗುರುತು ಹಾಕಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಎಣಿಕೆ ಮುಗಿಯಿತು: ಸರಿಯಾಗಿ ಮೂರು ಸಾವಿರ.

“ವರ್ಷದಾಗ ಒಬ್ಬರೂ ಸತ್ತಿಲ್ಲ. ಪುಣ್ಯದ ಊರು ಬಿಡ್ರಿ!” ಎಂದರು ಮೇಡಂ.

ಯಾರೂ ತಲೆ ಎತ್ತಲಿಲ್ಲ.

ಗದಿಗೆಪ್ಪ ಏಣಿ ಹತ್ತಿ, ‘ಕಡ್ಲಿಗೇರಿ ಪುರಸಭೆ’ ಎಂದು ಒಂದಕ್ಷರ ಬಿಡದೆ ತಿದ್ದಿ ಬರೆದ. ಡಬ್ಬಿಯ ತಳದಲ್ಲಿ ಉಳಿದ ಬಣ್ಣವನ್ನು ಹಿಡಿದು ಒಣಗಿದ ಕೆರೆಯ ಹಿಂದಕ್ಕೆ ನಡೆದ. ಊರವರು ಗುಟ್ಟಾಗಿ ಮಣ್ಣು ಮಾಡಿದವರ ತಲೆಯ ಕಡೆ ಅಲ್ಲಿ ಒಂದೊಂದು ಬೋಳು ಕಲ್ಲಿತ್ತು. ಮೂರು ತಿಂಗಳ ಹಿಂದೆ ತಾನೇ ನೆಟ್ಟ ಕಲ್ಲಿನ ಮುಂದೆ ಕುಳಿತು ಬ್ರಷ್ಷು ಅದ್ದಿದ.

ಹಿಂದೆಯೇ ಬಂದ ಶಿವಕ್ಕ ಅವನ ಕೈ ಹಿಡಿದಳು.

“ಬ್ಯಾಡಪಾ.”

“ಪೂರ್ತಿ ಹೆಸರು ಬರಿಯಂಗಿಲ್ಲಕ್ಕಾ. ಒಂದ ಅಕ್ಷರ.”

“ಒಂದೂ ಬ್ಯಾಡ. ಏಳು, ನೀರು ಬಂದಾವ. ಆಕಿ ಪಾಲಿನ ಕೊಡಾನೂ ತುಂಬಿಟ್ಟೀನಿ.”